ನ್ಯಾಯಮೂರ್ತಿ ಜಾನ್ ಮಾರ್ಷಲ್

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳಿಗೆ ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಮೊದಲಾದವರ ಹೆಸರುಗಳು ಚಿರಪರಿಚಿತವಾಗಿವೆ. ಅವರಲ್ಲಿ ಕೆಲವರು ಯುದ್ಧವನ್ನು ಗೆದ್ದರು. ಕೆಲವರು ಅಧ್ಯಕ್ಷಪದವಿಯಲ್ಲಿದ್ದು ದೇಶವನ್ನು ನಡೆಸಿದರು. ಆದರೆ ಸೇನೆಯನ್ನು ನಡೆಸದೆ, ಅಧ್ಯಕ್ಷಪದವಿಗೆ ಏರದೆ, ಒಂದು ಸಾಧಾರಣ ಕೋಣೆಯಲ್ಲಿ ಕುಳಿತು 34 ವರ್ಷಗಳ ಕಾಲ ವಾದಗಳನ್ನು ಆಲಿಸಿ, ತೀರ್ಪುಗಳನ್ನು ಬರೆದು, ಆ ದೇಶದ ಸಾರ್ವಜನಿಕ ಜೀವನಕ್ಕೆ ಒಂದು ಸ್ಥಿರವಾದ ರೂಪವನ್ನು ಕೊಟ್ಟ ಮಹನೀಯರೊಬ್ಬರಿದ್ದರು. ಅವರೇ ಜಾನ್ ಮಾರ್ಷಲ್. ಆ ದೇಶದ ಸರ್ವೋಚ್ಚ ನ್ಯಾಯಾಲಯದ ನಾಲ್ಕನೆಯ ಮುಖ್ಯ ನ್ಯಾಯಾಧೀಶರು.

ನ್ಯಾಯಾಲಯದ ಶಕ್ತಿಯು ವಿಚಿತ್ರವಾದುದು. ಕರವನ್ನು ವಿಧಿಸುವ ಅಧಿಕಾರವು ಶಾಸನಸಭೆಯದು. ಪೊಲೀಸರೂ ಸೈನಿಕರೂ ಸರಕಾರದ ಅಧೀನದಲ್ಲಿರುವರು. ನ್ಯಾಯಾಧೀಶರ ಮುಂದೆ ಇರುವುದು ಕಾಗದ, ಲೇಖನಿ, ಮತ್ತು ತಮ್ಮ ನಿರ್ಣಯಕ್ಕೆ ಅವರು ಕೊಡುವ ಕಾರಣಗಳು ಮಾತ್ರ. ಹೀಗಿದ್ದರೂ ಬಲಿಷ್ಠವಾದ ಸರಕಾರಗಳು ಅವರ ಮಾತಿಗೆ ತಲೆಬಾಗುವುದೇಕೆ? ಎಂದಾದರೊಮ್ಮೆ ತಲೆಬಾಗದೆ ಹೋದರೆ ಆಗುವುದೇನು? ಈ ಎರಡು ಪ್ರಶ್ನೆಗಳಿಗೂ ಮಾರ್ಷಲ್ಲರ ಜೀವನದಲ್ಲಿ ಉತ್ತರವು ದೊರೆಯುತ್ತದೆ.

ಮಾರ್ಷಲ್ಲರು 1755ನೆಯ ಇಸವಿ ಸೆಪ್ಟೆಂಬರ್ 24ರಂದು ವರ್ಜೀನಿಯಾ ಪ್ರಾಂತದ ಗಡಿನಾಡಿನಲ್ಲಿ ಜನಿಸಿದರು. ಆಗ ಅದು ಇಂಗ್ಲೆಂಡಿನ ವಸಾಹತು. ತಂದೆ ಥಾಮಸ್ ಮಾರ್ಷಲ್ಲರು ಭೂಮಾಪನದ ಕೆಲಸ ಮಾಡುತ್ತಿದ್ದರು. ಜಾರ್ಜ್ ವಾಷಿಂಗ್ಟನ್ನರ ಸ್ನೇಹಿತರು. ತಾಯಿ ಮೇರಿ, ಒಬ್ಬ ಪಾದ್ರಿಗಳ ಮಗಳು. ಹದಿನೈದು ಮಕ್ಕಳ ಆ ದೊಡ್ಡ ಸಂಸಾರದಲ್ಲಿ ಜಾನ್ ಹಿರಿಯ ಮಗ. ಹತ್ತಿರದಲ್ಲಿ ಶಾಲೆಯಿರಲಿಲ್ಲ. ತಂದೆಯೇ ಗುರುವಾದರು. ಅವರು ಸಂಗ್ರಹಿಸಿದ್ದ ಕೆಲವೇ ಗ್ರಂಥಗಳನ್ನು ಬಾಲಕನು ಮರಳಿ ಮರಳಿ ಓದಿದನು. ಕಾವ್ಯಗಳನ್ನು ಕೈಯಾರೆ ನಕಲು ಮಾಡಿ ಬಾಯಿಪಾಠ ಮಾಡಿದನು. ಒಂದು ವರ್ಷ ದೂರದ ಶಾಲೆಯಲ್ಲಿ, ಇನ್ನೊಂದು ವರ್ಷ ಮನೆಗೆ ಬಂದು ಕಲಿಸಿದ ಪಾದ್ರಿಗಳೊಬ್ಬರ ಬಳಿ—ಇಷ್ಟೇ ಅವನ ಕ್ರಮಬದ್ಧವಾದ ಬಾಲಶಿಕ್ಷಣ. ಆದರೆ ಬೆಳೆದ ಮೇಲೆ ಅವರ ಬರಹದಲ್ಲಿ ಕಂಡ ನೇರವೂ ಸ್ಪಷ್ಟವೂ ಆದ ಶೈಲಿಗೆ ಆ ಕಾಡಿನ ಮನೆಯ ಓದೇ ಅಡಿಪಾಯವಾಯಿತು.

ಹತ್ತೊಂಬತ್ತು ವರ್ಷದ ತರುಣರಾಗಿದ್ದಾಗ ಸ್ವಾತಂತ್ರ್ಯ ಸಮರವು ಆರಂಭವಾಯಿತು. ತಂದೆ, ಮಗ ಇಬ್ಬರೂ ಸೈನ್ಯವನ್ನು ಸೇರಿದರು. ಬ್ರ್ಯಾಂಡಿವೈನ್, ಜರ್ಮನ್‌ಟೌನ್, ಮಾನ್‌ಮತ್ ಕದನಗಳಲ್ಲಿ ಮಾರ್ಷಲ್ಲರು ಹೋರಾಡಿದರು. 1777ರ ಕೊನೆಯಿಂದ 1778ರವರೆಗಿನ ಚಳಿಗಾಲವನ್ನು ವಾಷಿಂಗ್ಟನ್ನರ ಸೈನ್ಯದೊಡನೆ ವ್ಯಾಲಿ ಫೋರ್ಜ್ ಎಂಬ ಬಿಡಾರದಲ್ಲಿ ಕಳೆದರು. ಹಿಮ ಬೀಳುತ್ತಿತ್ತು, ಅನೇಕ ಸೈನಿಕರ ಕಾಲಿಗೆ ಪಾದರಕ್ಷೆಯಿರಲಿಲ್ಲ, ಹೊದೆಯಲು ಕಂಬಳಿಯಿರಲಿಲ್ಲ, ಅನ್ನಕ್ಕೂ ಕೊರತೆ. ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಹದಿಮೂರು ರಾಜ್ಯಗಳು ತಮ್ಮ ತಮ್ಮ ಪಾಲನ್ನು ಕೊಡಲು ಹಿಂದೆಗೆಯುತ್ತಿದ್ದುವು. ಕೊಡಿಸುವ ಶಕ್ತಿಯು ಮಧ್ಯದ ಸಭೆಗೆ ಇರಲಿಲ್ಲ. ತನ್ನ ಪ್ರಾಂತವೊಂದನ್ನೇ ದೇಶವೆಂದು ತಿಳಿಯುವುದರಿಂದ ಎಂತಹ ಅನರ್ಥವಾಗುವುದೆಂಬುದನ್ನು ಅವರು ಅಲ್ಲಿ ಹಸಿವಿನಿಂದ ಕಲಿತರು. ಈ ಪಾಠವನ್ನು ಅವರು ಎಂದಿಗೂ ಮರೆಯಲಿಲ್ಲ.

1780ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಜಾರ್ಜ್ ವೈಥ್ ಎಂಬ ವಿದ್ವಾಂಸರು ನ್ಯಾಯಶಾಸ್ತ್ರದ ಮೇಲೆ ಉಪನ್ಯಾಸಗಳನ್ನು ಕೊಡುತ್ತಿದ್ದರು. ಮಾರ್ಷಲ್ಲರು ಅವನ್ನು ಕೆಲವೇ ವಾರಗಳ ಕಾಲ ಕೇಳಿ, ಅದೇ ವರ್ಷ ವಕೀಲಿಯ ಅನುಮತಿಯನ್ನು ಪಡೆದರು. ಆ ಅನುಮತಿಪತ್ರಕ್ಕೆ ಸಹಿ ಹಾಕಿದವರು ಆಗ ವರ್ಜೀನಿಯಾದ ರಾಜ್ಯಪಾಲರಾಗಿದ್ದ ಥಾಮಸ್ ಜೆಫರ್ಸನ್. ತಾಯಂದಿರ ಕಡೆಯಿಂದ ಇಬ್ಬರೂ ರ್ಯಾಂಡಾಲ್ಫ್ ಮನೆತನದ ದೂರದ ಬಂಧುಗಳು. ಮುಂದೆ ಜೀವಮಾನವೆಲ್ಲ ಇವರಿಬ್ಬರೂ ಪರಸ್ಪರ ವಿರೋಧಿಗಳಾಗುವರೆಂದು ಆಗ ಯಾರೂ ಊಹಿಸಿರಲಾರರು.

1783ರ ಜನವರಿಯಲ್ಲಿ ಮಾರ್ಷಲ್ಲರು ಮೇರಿ ಆಂಬ್ಲರ್ ಎಂಬ ಕನ್ಯೆಯನ್ನು ವಿವಾಹವಾಗಿ ರಿಚ್ಮಂಡ್ ನಗರದಲ್ಲಿ ನೆಲಸಿದರು. ಪತ್ನಿಯು ಸದಾ ಅಸ್ವಸ್ಥಳಾಗಿದ್ದಳು. ಸಣ್ಣ ಸಪ್ಪಳವೂ ಆಕೆಗೆ ಸಹನವಾಗುತ್ತಿರಲಿಲ್ಲ. ಹತ್ತು ಮಕ್ಕಳಲ್ಲಿ ಆರು ಮಂದಿ ಮಾತ್ರ ಬೆಳೆದು ದೊಡ್ಡವರಾದರು. ಈ ದುಃಖಗಳ ನಡುವೆಯೂ ಪತಿಯು ಸುಮಾರು ಐವತ್ತು ವರ್ಷ ಆಕೆಯನ್ನು ಅತಿ ಕೋಮಲವಾಗಿ ನೋಡಿಕೊಂಡರು. ವಕೀಲಿಯಲ್ಲಿ ಬೇಗನೆ ಹೆಸರು ಬಂದಿತು. ಉಡುಪಿನಲ್ಲಿ ಅವರಿಗೆ ಗಮನವೇ ಇರುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ಯುವಕನೊಬ್ಬನು ಮಾರುಕಟ್ಟೆಯಲ್ಲಿ ಇವರನ್ನು ಕೂಲಿಯಾಳೆಂದು ತಿಳಿದು, ತಾನು ಕೊಂಡ ಟರ್ಕಿಕೋಳಿಯನ್ನು ಹೊರಲು ಹೇಳಿದನೆಂದೂ, ಇವರು ಮಾತನಾಡದೆ ಅವನ ಮನೆಯವರೆಗೆ ಹೊತ್ತು, ಕೂಲಿಯನ್ನು ತೆಗೆದುಕೊಳ್ಳದೆ ನಡೆದರೆಂದೂ, ಆ ಮುದುಕರು ದೇಶದ ಮುಖ್ಯ ನ್ಯಾಯಾಧೀಶರೆಂದು ಅವನಿಗೆ ಆಮೇಲೆ ತಿಳಿಯಿತೆಂದೂ ರಿಚ್ಮಂಡಿನ ಜನರು ಬಹುಕಾಲ ಕಥೆ ಹೇಳುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲೆ 1787ರಲ್ಲಿ ಹೊಸ ರಾಜ್ಯಾಂಗವು, ಎಂದರೆ ಸಂವಿಧಾನವು, ರಚಿತವಾಯಿತು. ಮರುವರ್ಷ ಅದನ್ನು ಒಪ್ಪಬೇಕೇ ಬೇಡವೇ ಎಂದು ವರ್ಜೀನಿಯಾದ ಸಭೆಯಲ್ಲಿ ತೀವ್ರವಾದ ಚರ್ಚೆ ನಡೆದಾಗ ಮಾರ್ಷಲ್ಲರು ಅದರ ಪರವಾಗಿ, ವಿಶೇಷವಾಗಿ ಅದರ ನ್ಯಾಯಾಂಗದ ಪರವಾಗಿ ವಾದಿಸಿದರು. 1797ರಲ್ಲಿ ರಾಯಭಾರಿಗಳಲ್ಲೊಬ್ಬರಾಗಿ ಫ್ರಾನ್ಸಿಗೆ ಹೋದರು. ಅಲ್ಲಿನ ವಿದೇಶಮಂತ್ರಿಯ ದೂತರು ಲಂಚವನ್ನು ಕೇಳಿದಾಗ ಅವರೂ ಅವರ ಸಂಗಡಿಗರೂ ಕೊಡಲೊಪ್ಪಲಿಲ್ಲ. ಮರುವರ್ಷ ಹಿಂದಿರುಗಿದಾಗ ಜನರು ಅವರನ್ನು ಅದ್ದೂರಿಯಿಂದ ಸ್ವಾಗತಿಸಿದರು. 1800ರಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಅವರು ಇವರನ್ನು ವಿದೇಶಾಂಗ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು.

ಆ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸ್ಥಿತಿಯು ಶೋಚನೀಯವಾಗಿತ್ತು. 1790ರಲ್ಲಿ ಅದು ಮೊದಲ ಸಾರಿ ನ್ಯೂಯಾರ್ಕಿನಲ್ಲಿ ಸೇರಿದಾಗ ತೀರ್ಮಾನಿಸಲು ಒಂದು ಮೊಕದ್ದಮೆಯೂ ಇರಲಿಲ್ಲ. ಮೊದಲ ಮುಖ್ಯ ನ್ಯಾಯಾಧೀಶರಾದ ಜಾನ್ ಜೇ ಅವರು 1795ರಲ್ಲಿ ಆ ಪದವಿಯನ್ನು ಬಿಟ್ಟು ನ್ಯೂಯಾರ್ಕಿನ ರಾಜ್ಯಪಾಲರಾದರು. 1800ರಲ್ಲಿ ಅದೇ ಪದವಿಯು ಮತ್ತೆ ಬಂದಾಗ, ಆ ನ್ಯಾಯಾಲಯಕ್ಕೆ ತಕ್ಕ ತೂಕವೂ ಗೌರವವೂ ಇಲ್ಲವೆಂಬ ಕಾರಣದಿಂದ ಅವರು ನಿರಾಕರಿಸಿದರು. ವಾಷಿಂಗ್ಟನ್ ಎಂಬ ಹೊಸ ರಾಜಧಾನಿಯನ್ನು ಕಟ್ಟಿದವರು ಅಧ್ಯಕ್ಷರಿಗೆ ಭವನವನ್ನೂ ಶಾಸನಸಭೆಗೆ ಸೌಧವನ್ನೂ ಯೋಜಿಸಿದ್ದರು. ನ್ಯಾಯಾಲಯಕ್ಕೆ ಸ್ಥಳವನ್ನು ಮರೆತಿದ್ದರು. ಕೊನೆಗೆ ಶಾಸನಸಭೆಯ ಸೌಧದಲ್ಲಿಯೇ ಒಂದು ಸಣ್ಣ ಕೋಣೆಯನ್ನು ಬಿಟ್ಟುಕೊಡಲಾಯಿತು. ಇಂತಹ ನ್ಯಾಯಾಲಯಕ್ಕೆ ಆಡಮ್ಸರು ಮಾರ್ಷಲ್ಲರನ್ನು ಹೆಸರಿಸಿದರು. 1801ನೆಯ ಇಸವಿ ಫೆಬ್ರವರಿ 4ರಂದು, ತಮ್ಮ 45ನೆಯ ವಯಸ್ಸಿನಲ್ಲಿ, ಅವರು ಅಧಿಕಾರವನ್ನು ವಹಿಸಿಕೊಂಡರು.

ಅವರು ಮಾಡಿದ ಮೊದಲ ಸುಧಾರಣೆಯು ನೋಡಲು ಚಿಕ್ಕದು. ಅಲ್ಲಿಯವರೆಗೆ ಮುಖ್ಯ ಮೊಕದ್ದಮೆಗಳಲ್ಲಿ ಪ್ರತಿಯೊಬ್ಬ ನ್ಯಾಯಾಧೀಶನೂ ತನ್ನ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಓದುತ್ತಿದ್ದನು. ಆರು ಜನರು ಆರು ಬಗೆಯ ಕಾರಣಗಳನ್ನು ಹೇಳಿದರೆ ಕಾನೂನು ಏನೆಂದು ಜನರಿಗೆ ತಿಳಿಯುವ ಬಗೆ ಹೇಗೆ? ಮಾರ್ಷಲ್ಲರು ಎಲ್ಲರೂ ಕೂಡಿ ಚರ್ಚಿಸಿ, ನ್ಯಾಯಾಲಯದ ಹೆಸರಿನಲ್ಲಿ ಒಂದೇ ತೀರ್ಪನ್ನು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದರು. ಅಧಿವೇಶನದ ಕಾಲದಲ್ಲಿ ನ್ಯಾಯಾಧೀಶರೆಲ್ಲರೂ ಒಂದೇ ವಸತಿಗೃಹದಲ್ಲಿ ಇಳಿದುಕೊಂಡು, ಒಂದೇ ಮೇಜಿನ ಸುತ್ತ ಊಟ ಮಾಡುತ್ತ, ಮೊಕದ್ದಮೆಗಳನ್ನು ಕುರಿತು ಮಾತನಾಡುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅವರು ದೇಶದ ನಾನಾ ಭಾಗಗಳಿಗೆ ಕುದುರೆಗಾಡಿಗಳಲ್ಲಿ ಸಂಚರಿಸಿ ಸಂಚಾರಿ ನ್ಯಾಯಾಲಯಗಳನ್ನು ನಡೆಸಬೇಕಾಗಿತ್ತು. 1803ರ ಆರಂಭದಲ್ಲಿ ಮಾರ್ಷಲ್ಲರು ಹೀಗೆ ರಾಲಿ ನಗರಕ್ಕೆ ಹೋದಾಗ, ಹರಿದ ಜೇಬಿನಿಂದ ಹದಿನೈದು ಬೆಳ್ಳಿಯ ನಾಣ್ಯಗಳು ಉದುರಿಹೋಗಿದ್ದುದೂ, ಪೆಟ್ಟಿಗೆಯಲ್ಲಿ ಷರಾಯಿಯನ್ನೇ ಇಟ್ಟಿಲ್ಲದಿದ್ದುದೂ ಗೊತ್ತಾಯಿತು. ಈ ಪೇಚಾಟವನ್ನು ಅವರೇ ನಗುತ್ತ ಪತ್ನಿಗೆ ಬರೆದು ತಿಳಿಸಿದರು.

ಅದೇ 1803ರ ಫೆಬ್ರವರಿ 24ರಂದು ಹೊರಬಿದ್ದ ತೀರ್ಪು ಅವರ ಹೆಸರನ್ನು ಶಾಶ್ವತಗೊಳಿಸಿತು. ಅದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. 1800ರ ಚುನಾವಣೆಯಲ್ಲಿ ಆಡಮ್ಸರು ಸೋತು ಜೆಫರ್ಸನ್ನರು ಗೆದ್ದಿದ್ದರು. ಅಧಿಕಾರವನ್ನು ಬಿಡುವ ಮುನ್ನ ಆಡಮ್ಸರು ತಮ್ಮ ಪಕ್ಷದ ಅನೇಕರನ್ನು ಸಣ್ಣ ನ್ಯಾಯಾಧಿಕಾರಿಗಳನ್ನಾಗಿ ನೇಮಿಸಿದರು. ನೇಮಕಪತ್ರಗಳಿಗೆ ಸಹಿಯೂ ಮುದ್ರೆಯೂ ಆಗಿದ್ದುವು. ಕೆಲವು ಪತ್ರಗಳು ಮಾತ್ರ ಅವಸರದಲ್ಲಿ ತಲಪದೆ ಕಚೇರಿಯಲ್ಲಿಯೇ ಉಳಿದುವು. ಹೊಸ ಅಧ್ಯಕ್ಷರು ಅವನ್ನು ಕೊಡಬಾರದೆಂದು ತಡೆದರು. ಪತ್ರವು ದೊರೆಯದ ವಿಲಿಯಂ ಮಾರ್ಬರಿ ಎಂಬಾತನು, ಹೊಸ ವಿದೇಶಾಂಗ ಕಾರ್ಯದರ್ಶಿಯಾದ ಜೇಮ್ಸ್ ಮ್ಯಾಡಿಸನ್ನರಿಗೆ ಅದನ್ನು ಕೊಡುವಂತೆ ಆಜ್ಞೆ ಮಾಡಬೇಕೆಂದು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದನು.

ಮಾರ್ಷಲ್ಲರು ಇಕ್ಕಟ್ಟಿಗೆ ಸಿಕ್ಕಿದರು. ಆಜ್ಞೆ ಮಾಡಿದರೆ ಜೆಫರ್ಸನ್ನರ ಸರಕಾರವು ಅದನ್ನು ಕಸದಂತೆ ಕಾಣುವುದು ಬಹುಮಟ್ಟಿಗೆ ನಿಶ್ಚಯ. ನ್ಯಾಯಾಲಯದ ದೌರ್ಬಲ್ಯವು ಲೋಕಕ್ಕೆ ತಿಳಿದುಹೋಗುತ್ತಿತ್ತು. ಹೆದರಿ ಸುಮ್ಮನಾದರೆ ಸರಕಾರವು ಕಾನೂನಿಗಿಂತ ಮೇಲೆಂದು ಒಪ್ಪಿಕೊಂಡಂತಾಗುತ್ತಿತ್ತು. ಅವರು ಪ್ರಶ್ನೆಯನ್ನು ಮೂರಾಗಿ ವಿಭಾಗಿಸಿದರು. ಮಾರ್ಬರಿಗೆ ಆ ಪದವಿಯ ಮೇಲೆ ಹಕ್ಕಿದೆಯೇ? ಇದೆ. ಹಕ್ಕಿಗೆ ಭಂಗ ಬಂದಾಗ ಕಾನೂನು ಪರಿಹಾರವನ್ನು ಕೊಡಬೇಕೇ? ಕೊಡಬೇಕು, ಮಂತ್ರಿಯಾದವನೂ ಇದಕ್ಕೆ ಹೊರತಲ್ಲ. ಆದರೆ ಈ ನ್ಯಾಯಾಲಯವು ನೇರವಾಗಿ ಆ ಆಜ್ಞೆಯನ್ನು ಮಾಡಬಹುದೇ? ಇಲ್ಲಿ ಅವರು ರಾಜ್ಯಾಂಗವನ್ನು ತೆರೆದು ನೋಡಿದರು. ಯಾವ ಬಗೆಯ ಮೊಕದ್ದಮೆಗಳು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರಬಹುದು, ಯಾವುವು ಅಪೀಲಿನ ಮೂಲಕ ಮಾತ್ರ ಬರಬೇಕು ಎಂಬುದನ್ನು ರಾಜ್ಯಾಂಗವು ಗೊತ್ತುಪಡಿಸಿತ್ತು. 1789ರ ಶಾಸನದ ಒಂದು ವಿಧಿಯು ಆ ಎಲ್ಲೆಯನ್ನು ಮೀರಿ ನ್ಯಾಯಾಲಯಕ್ಕೆ ಹೆಚ್ಚಿನ ಅಧಿಕಾರವನ್ನು ಕೊಟ್ಟಿತ್ತು. ರಾಜ್ಯಾಂಗವು ಜನರು ಮಾಡಿದ ಮೂಲ ಕಾನೂನು; ಶಾಸನಸಭೆಯು ಅದರ ಕೂಸು. ಇವೆರಡೂ ಒಂದಕ್ಕೊಂದು ವಿರುದ್ಧವಾದರೆ ರಾಜ್ಯಾಂಗವೇ ನಿಲ್ಲಬೇಕು, ಶಾಸನವು ಬೀಳಬೇಕು. ಹಾಗೆ ವಿರುದ್ಧವಾಗಿದೆಯೇ ಇಲ್ಲವೇ ಎಂಬುದನ್ನು ಹೇಳುವುದು ನ್ಯಾಯಾಧೀಶರ ಧರ್ಮ. ಆದಕಾರಣ ಆ ವಿಧಿಯು ಅಸಿಂಧು. ಮಾರ್ಬರಿಗೆ ಇಲ್ಲಿ ಆಜ್ಞೆಯು ದೊರೆಯದು.

ಈ ತೀರ್ಪಿನ ಚಾತುರ್ಯವನ್ನು ಗಮನಿಸಬೇಕು. ನ್ಯಾಯಾಲಯವು ತನಗೆ ಕೊಟ್ಟಿದ್ದ ಒಂದು ಸಣ್ಣ ಅಧಿಕಾರವನ್ನು ತಾನೇ ತಿರಸ್ಕರಿಸಿ, ಶಾಸನಗಳನ್ನು ರಾಜ್ಯಾಂಗದ ಒರೆಗಲ್ಲಿಗೆ ಹಚ್ಚುವ ಮಹತ್ತಾದ ಅಧಿಕಾರವನ್ನು ಸ್ಥಾಪಿಸಿತು. ಜೆಫರ್ಸನ್ನರಿಗೆ ಕೋಪ ಬಂದರೂ ಧಿಕ್ಕರಿಸಲು ಅಲ್ಲಿ ಯಾವ ಆಜ್ಞೆಯೂ ಇರಲಿಲ್ಲ. ಈ ವಿಚಾರವು ಮಾರ್ಷಲ್ಲರೇ ಕಂಡುಹಿಡಿದ ಹೊಸದಲ್ಲ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮೊದಲಾದವರು ಇದನ್ನು ಮೊದಲೇ ಪ್ರತಿಪಾದಿಸಿದ್ದರು. ಅದನ್ನು ಗಟ್ಟಿಯಾದ ತೀರ್ಪಿನಲ್ಲಿ ನೆಲೆಗೊಳಿಸಿದ ಕೀರ್ತಿಯು ಮಾರ್ಷಲ್ಲರದು. ಒಂದು ಲೋಪವನ್ನೂ ಹೇಳಬೇಕು: ಆ ನೇಮಕಪತ್ರಗಳನ್ನು ಕಳುಹಿಸದೆ ಉಳಿಸಿದ ಕಾರ್ಯದರ್ಶಿಯು ಬೇರೆ ಯಾರೂ ಅಲ್ಲ, ಮಾರ್ಷಲ್ಲರೇ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ತಾವೇ ನ್ಯಾಯಾಸನದಲ್ಲಿ ಕುಳಿತುದು ಇಂದಿನ ಮರ್ಯಾದೆಗೆ ಒಪ್ಪುವಂತಹುದಲ್ಲ.

ವಿರೋಧಿಗಳು ಸುಮ್ಮನಿರಲಿಲ್ಲ. 1804ರಲ್ಲಿ ಸ್ಯಾಮ್ಯುಯೆಲ್ ಚೇಸ್ ಎಂಬ ನ್ಯಾಯಾಧೀಶರ ಮೇಲೆ ಪ್ರತಿನಿಧಿಸಭೆಯು ದೋಷಾರೋಪಣೆ ಮಾಡಿತು. ಚೇಸರು ನ್ಯಾಯಪೀಠದಿಂದಲೇ ರಾಜಕೀಯವನ್ನು ಮಾತನಾಡಿದ್ದು ನಿಜ. ಆದರೆ ಅಭಿಪ್ರಾಯಕ್ಕಾಗಿ ನ್ಯಾಯಾಧೀಶರನ್ನು ತೆಗೆಯುವ ಪದ್ಧತಿಯು ಆರಂಭವಾದರೆ ಯಾರ ಪೀಠವೂ ಉಳಿಯುತ್ತಿರಲಿಲ್ಲ. 1805ರ ಮಾರ್ಚಿಯಲ್ಲಿ ಸೆನೆಟ್ ಸಭೆಯು, ಅಲ್ಲಿ ಜೆಫರ್ಸನ್ನರ ಪಕ್ಷದವರೇ ಹೆಚ್ಚಾಗಿದ್ದರೂ, ಚೇಸರನ್ನು ಬಿಡುಗಡೆ ಮಾಡಿತು. ಆ ದೇಶದ ನ್ಯಾಯಾಧೀಶರು ಸನ್ನಡತೆಯಿರುವವರೆಗೆ ಪದವಿಯಲ್ಲಿರುವರು. ಅವರ ಸಂಬಳವನ್ನು ಕಡಿಮೆ ಮಾಡುವಂತಿಲ್ಲ. ಈ ಎರಡು ರಕ್ಷೆಗಳು ಬರಿಯ ಅಕ್ಷರಗಳಾಗಿ ಉಳಿಯದೆ ಸತ್ಯವಾದುದು ಆ ದಿನ.

1807ರಲ್ಲಿ ಇನ್ನೊಂದು ಪರೀಕ್ಷೆ ಬಂದಿತು. ಹಿಂದಿನ ಉಪಾಧ್ಯಕ್ಷನಾದ ಏರನ್ ಬರ್ ಎಂಬಾತನ ಮೇಲೆ ರಾಜದ್ರೋಹದ ಆರೋಪವು ಹೊರಿಸಲ್ಪಟ್ಟು, ರಿಚ್ಮಂಡಿನಲ್ಲಿ ಮಾರ್ಷಲ್ಲರ ಮುಂದೆಯೇ ವಿಚಾರಣೆ ನಡೆಯಿತು. ಅಧ್ಯಕ್ಷರು ಬರ್ರನನ್ನು ಅಪರಾಧಿಯೆಂದು ಮೊದಲೇ ಸಾರಿಬಿಟ್ಟಿದ್ದರು. ಜನರೂ ಹಾಗೆಯೇ ನಂಬಿದ್ದರು. ಆದರೆ ರಾಜದ್ರೋಹವು ಸಿದ್ಧವಾಗಬೇಕಾದರೆ ಒಂದೇ ಬಹಿರಂಗ ಕೃತ್ಯಕ್ಕೆ ಇಬ್ಬರು ಸಾಕ್ಷಿಗಳಿರಬೇಕೆಂದು ರಾಜ್ಯಾಂಗವು ವಿಧಿಸಿತ್ತು. ಮಾರ್ಷಲ್ಲರು ಆ ನಿಯಮವನ್ನು ಸಡಿಲಿಸಲಿಲ್ಲ. ಬರ್ ಬಿಡುಗಡೆಯಾದನು. ಬಾಲ್ಟಿಮೋರ್ ನಗರದಲ್ಲಿ ಸಿಟ್ಟಿಗೆದ್ದ ಜನರು ಮುಖ್ಯ ನ್ಯಾಯಾಧೀಶರ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಗುಂಪಿಗೆ ಬೇಡವಾದವನಿಗೂ ಕಾನೂನಿನ ರಕ್ಷೆಯು ದೊರೆಯಬೇಕೆಂಬ ತತ್ತ್ವಕ್ಕಾಗಿ ಅವರು ಈ ಅಪಕೀರ್ತಿಯನ್ನು ಮೌನವಾಗಿ ಸಹಿಸಿದರು.

ವರ್ಷಗಳು ಕಳೆದಂತೆ ಮಾರ್ಷಲ್ಲರ ವಿರೋಧಪಕ್ಷದ ಅಧ್ಯಕ್ಷರು ನೇಮಿಸಿದ ನ್ಯಾಯಾಧೀಶರೇ ಪೀಠದಲ್ಲಿ ಹೆಚ್ಚಾದರು. ಆದರೂ ತೀರ್ಪುಗಳ ಜಾಡು ಬದಲಾಗಲಿಲ್ಲ. 1811ರಲ್ಲಿ ಮ್ಯಾಡಿಸನ್ನರು ನೇಮಿಸಿದ ಜೋಸೆಫ್ ಸ್ಟೋರಿ ಎಂಬ ಮಹಾವಿದ್ವಾಂಸರು ಮಾರ್ಷಲ್ಲರ ಪರಮಮಿತ್ರರಾದರು. ಪಕ್ಷವನ್ನು ನೋಡಿ ನೇಮಕವಾಗಬಹುದು. ಪೀಠದಲ್ಲಿ ಕುಳಿತ ಮೇಲೆ ಪಕ್ಷವನ್ನು ಕಾರಣವಾಗಿ ಬರೆಯಲಾಗುವುದಿಲ್ಲ. ಎಲ್ಲರೂ ಓದುವಂತೆ ಬಹಿರಂಗವಾಗಿ ಕಾರಣಗಳನ್ನು ಬರೆಯಬೇಕಾದ ನಿರ್ಬಂಧವೇ ನ್ಯಾಯಾಲಯದ ಒಂದು ದೊಡ್ಡ ಶಿಸ್ತು.

1819ರಲ್ಲಿ ಮೇರಿಲೆಂಡ್ ರಾಜ್ಯಕ್ಕೂ ರಾಷ್ಟ್ರದ ಬ್ಯಾಂಕಿಗೂ ವ್ಯಾಜ್ಯವಾಯಿತು. ಕೇಂದ್ರ ಶಾಸನಸಭೆಯು ಸ್ಥಾಪಿಸಿದ ಬ್ಯಾಂಕಿನ ಬಾಲ್ಟಿಮೋರ್ ಶಾಖೆಯ ಮೇಲೆ ಆ ರಾಜ್ಯವು ಕರವನ್ನು ಹಾಕಿತ್ತು. ಶಾಖೆಯ ಖಜಾಂಚಿಯಾದ ಮೆಕಲಕ್ ಎಂಬಾತನು ಕೊಡಲು ಒಪ್ಪಿರಲಿಲ್ಲ. ಬ್ಯಾಂಕ್ ಎಂಬ ಶಬ್ದವೇ ರಾಜ್ಯಾಂಗದಲ್ಲಿಲ್ಲವಲ್ಲ, ಕೇಂದ್ರವು ಅದನ್ನು ಸ್ಥಾಪಿಸಬಹುದೇ ಎಂಬುದು ಮೊದಲ ಪ್ರಶ್ನೆ. ಮಾರ್ಷಲ್ಲರು ರಾಜ್ಯಾಂಗವನ್ನು ಅಂಗಡಿಯ ಲೆಕ್ಕದ ಪಟ್ಟಿಯಂತೆ ಓದಲಿಲ್ಲ. ತಲೆತಲಾಂತರಗಳವರೆಗೆ ಬಾಳಬೇಕಾದ ಗ್ರಂಥದಲ್ಲಿ ದೊಡ್ಡ ಉದ್ದೇಶಗಳನ್ನು ಮಾತ್ರ ಹೇಳಿರುತ್ತದೆ. ಅವನ್ನು ಸಾಧಿಸಲು ತಕ್ಕ ಉಪಾಯಗಳನ್ನು ಆರಿಸುವ ಸ್ವಾತಂತ್ರ್ಯವೂ ಅದರೊಡನೆಯೇ ಬರುತ್ತದೆಂದು ಅವರು ನಿರ್ಣಯಿಸಿದರು. ಎಲ್ಲ ರಾಜ್ಯಗಳ ಜನರೂ ಸೇರಿ ಕಟ್ಟಿದ ಸಂಸ್ಥೆಯನ್ನು ಒಂದು ರಾಜ್ಯವು ಕರದ ಭಾರದಿಂದ ಕುಗ್ಗಿಸಬಾರದೆಂದೂ ತೀರ್ಮಾನವಾಯಿತು. ವ್ಯಾಲಿ ಫೋರ್ಜಿನ ಹಸಿವು ಈ ತೀರ್ಪಿನ ಹಿಂದೆ ಇತ್ತೆಂದು ಹೇಳಿದರೆ ತಪ್ಪಾಗದು. ವರ್ಜೀನಿಯಾದ ಪತ್ರಿಕೆಗಳು ತೀರ್ಪನ್ನು ಖಂಡಿಸಿದಾಗ ಮಾರ್ಷಲ್ಲರು ಬೇರೆ ಹೆಸರಿನಲ್ಲಿ ಪತ್ರಿಕೆಗಳಿಗೆ ಲೇಖನಗಳನ್ನು ಬರೆದು ಅದನ್ನು ಸಮರ್ಥಿಸಿದರು.

1824ರ ಮೊಕದ್ದಮೆಯು ಉಗಿದೋಣಿಗಳದು. ನ್ಯೂಯಾರ್ಕ್ ರಾಜ್ಯವು ತನ್ನ ನೀರಿನಲ್ಲಿ ಉಗಿದೋಣಿಗಳನ್ನು ನಡೆಸುವ ಏಕಸ್ವಾಮ್ಯವನ್ನು ಕೆಲವರಿಗೆ ಮಾತ್ರ ಕೊಟ್ಟಿತ್ತು. ಗಿಬ್ಬನ್ಸ್ ಎಂಬ ವ್ಯಾಪಾರಿಯು ಕೇಂದ್ರದ ಪರವಾನಗಿಯಿಂದ ನ್ಯೂಜೆರ್ಸಿಯಿಂದ ದೋಣಿಯನ್ನು ನಡೆಸಿದನು. ರಾಜ್ಯ ರಾಜ್ಯಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವುದು ಕೇಂದ್ರದ ಅಧಿಕಾರ, ದೋಣಿಯ ಸಂಚಾರವೂ ಆ ವ್ಯಾಪಾರದಲ್ಲಿ ಸೇರಿದೆ, ಆದಕಾರಣ ರಾಜ್ಯದ ಏಕಸ್ವಾಮ್ಯವು ನಿಲ್ಲದು ಎಂದು ತೀರ್ಪಾಯಿತು. ನದಿಗಳು ಎಲ್ಲರಿಗೂ ತೆರೆದುವು. ಮುಂದೆ ರೈಲುಗಳೂ ತಂತಿಗಳೂ ಬಂದಾಗ ಆ ವಿಶಾಲ ದೇಶವು ಒಂದೇ ಮಾರುಕಟ್ಟೆಯಾಗಿ ಬೆಳೆಯಲು ಈ ತೀರ್ಪು ದಾರಿಮಾಡಿತು.

ಈ ಮಹನೀಯರ ಜೀವನದಲ್ಲಿ ಕತ್ತಲೆಯ ಭಾಗವೂ ಇದೆ. ಅದನ್ನು ಮರೆಮಾಡುವುದು ಸರಿಯಲ್ಲ. ಮಾರ್ಷಲ್ಲರು ಗುಲಾಮರನ್ನು ಇಟ್ಟುಕೊಂಡಿದ್ದರು, ಕೊಂಡಿದ್ದರು. 1813ರಲ್ಲಿ ಮೈಮಾ ಕ್ವೀನ್ ಎಂಬ ಸ್ತ್ರೀಯು ತಾನೂ ತನ್ನ ಮಗಳೂ ಸ್ವತಂತ್ರರೆಂದು ಸಾಧಿಸಲು ನ್ಯಾಯಾಲಯಕ್ಕೆ ಬಂದಳು. ತನ್ನ ಪೂರ್ವಜಳು ಸ್ವತಂತ್ರಳಾಗಿದ್ದಳೆಂಬುದಕ್ಕೆ ಹಿರಿಯರ ಬಾಯಿಂದ ಬಂದ ಮಾತೇ ಆಕೆಯ ಸಾಕ್ಷ್ಯ. ಕೇಳಿದ ಮಾತು ಸಾಕ್ಷ್ಯವಾಗದೆಂಬ ನಿಯಮವನ್ನು ಹಿಡಿದು ಮಾರ್ಷಲ್ಲರು ಅದನ್ನು ತಳ್ಳಿಹಾಕಿದರು. ಓದುಬರಹಕ್ಕೆ ಅವಕಾಶವೇ ಇಲ್ಲದ ಜನರು ಬೇರೆ ಯಾವ ಸಾಕ್ಷ್ಯವನ್ನು ತರಬಲ್ಲರು? ಪೀಠದಲ್ಲಿದ್ದ ಗೇಬ್ರಿಯಲ್ ಡುವಾಲ್ ಎಂಬ ನ್ಯಾಯಾಧೀಶರು ಭಿನ್ನಮತವನ್ನು ಬರೆದರು. ಇಂದು ಓದುವವರಿಗೆ ಅಲ್ಲಿ ನ್ಯಾಯದ ಧ್ವನಿ ಕೇಳುವುದು ಆ ಭಿನ್ನಮತದಲ್ಲಿಯೇ. ಅತ್ಯುಚ್ಚ ಪೀಠದಲ್ಲಿ ಕುಳಿತವರೂ ತಮ್ಮ ಕಾಲದ ಅನ್ಯಾಯದಿಂದ ಹೊರತಾಗಿರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಅವರ ವೃದ್ಧಾಪ್ಯದಲ್ಲಿ ಅತ್ಯಂತ ಕಠಿಣವಾದ ಪ್ರಸಂಗವು ಒದಗಿತು. ಜಾರ್ಜಿಯಾ ರಾಜ್ಯದ ಎಲ್ಲೆಯೊಳಗೆ ಚೆರೋಕಿ ಎಂಬ ಮೂಲನಿವಾಸಿ ಜನಾಂಗವು ತನ್ನ ಪೂರ್ವಿಕರ ನೆಲದಲ್ಲಿ ವಾಸವಾಗಿತ್ತು. ಅವರಿಗೆ ತಮ್ಮದೇ ಲಿಪಿಯಿತ್ತು, ಪತ್ರಿಕೆಯಿತ್ತು, ಲಿಖಿತವಾದ ರಾಜ್ಯಾಂಗವಿತ್ತು. ಕೇಂದ್ರ ಸರಕಾರವು ಅವರೊಡನೆ ಒಪ್ಪಂದಗಳನ್ನು ಮಾಡಿಕೊಂಡಿತ್ತು. ಆದರೆ ಅಲ್ಲಿ ಚಿನ್ನವು ದೊರೆತುದರಿಂದಲೂ ಭೂಮಿಯ ಆಸೆಯಿಂದಲೂ ಜಾರ್ಜಿಯಾದವರು ಅವರನ್ನು ಓಡಿಸಲು ಹವಣಿಸಿದರು. ಚೆರೋಕಿಗಳ ನಡುವೆ ವಾಸಿಸುತ್ತಿದ್ದ ಸ್ಯಾಮ್ಯುಯೆಲ್ ವರ್ಸೆಸ್ಟರ್ ಎಂಬ ಪಾದ್ರಿಯು ರಾಜ್ಯದ ಅಪ್ಪಣೆಯನ್ನು ಪಡೆಯಲಿಲ್ಲವೆಂದು ನಾಲ್ಕು ವರ್ಷಗಳ ಕಠಿಣ ಶಿಕ್ಷೆಗೆ ಗುರಿಯಾದನು. 1832ರ ಮಾರ್ಚಿಯಲ್ಲಿ ಮಾರ್ಷಲ್ಲರು ತೀರ್ಪಿತ್ತರು: ಚೆರೋಕಿಗಳ ನೆಲದಲ್ಲಿ ಜಾರ್ಜಿಯಾದ ಕಾನೂನುಗಳಿಗೆ ಬಲವಿಲ್ಲ, ಪಾದ್ರಿಯ ಶಿಕ್ಷೆಯು ಅಸಿಂಧು.

ಆಗ ಅವರಿಗೆ 76 ವರ್ಷ. ಹಿಂದಿನ ವರ್ಷವಷ್ಟೇ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು. ಅದೇ ವರ್ಷದ ಕೊನೆಯಲ್ಲಿ ಪತ್ನಿಯು ಅಗಲಿದ್ದಳು. ಆ ಸ್ಥಿತಿಯಲ್ಲಿ ಬರೆದ ತೀರ್ಪನ್ನು ಜಾರ್ಜಿಯಾ ರಾಜ್ಯವು ಲಕ್ಷಿಸಲಿಲ್ಲ. ಅಧ್ಯಕ್ಷ ಆಂಡ್ರೂ ಜಾಕ್ಸನ್ನರು ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸಬೇಕೆಂಬ ಪಕ್ಷದವರು. ಅವರು ಚೆರೋಕಿಗಳ ರಕ್ಷಣೆಗೆ ಬರಲಿಲ್ಲ. ಪಾದ್ರಿಯು ಬಿಡುಗಡೆಯಾದುದು 1833ರಲ್ಲಿ, ರಾಜ್ಯಪಾಲರ ಕ್ಷಮೆಯಿಂದ. 1838ರಲ್ಲಿ ಸೈನಿಕರು ಚೆರೋಕಿಗಳನ್ನು ಮನೆಗಳಿಂದ ಹೊರಡಿಸಿ ಪಶ್ಚಿಮಕ್ಕೆ ಅಟ್ಟಿದರು. ಸುಮಾರು 16,000 ಜನರಲ್ಲಿ ಸುಮಾರು 4,000 ಜನರು ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸತ್ತರೆಂದು ಅಂದಾಜು. ತೀರ್ಪು ಅವರ ಪರವಾಗಿತ್ತು. ಅದನ್ನು ನಡೆಸಿಕೊಡುವ ಮನಸ್ಸು ಮಾತ್ರ ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ. ನ್ಯಾಯಾಲಯದ ಮಾತನ್ನು ಕೇಳದಿದ್ದರೆ ಆಗುವುದೇನೆಂಬ ಪ್ರಶ್ನೆಗೆ ಇದಕ್ಕಿಂತ ಕರುಣಾಜನಕವಾದ ಉತ್ತರ ಬೇಕಿಲ್ಲ.

ಆ ಪ್ರಯಾಣವನ್ನು ನೋಡಲು ಮಾರ್ಷಲ್ಲರು ಉಳಿದಿರಲಿಲ್ಲ. 1835ನೆಯ ಇಸವಿ ಜುಲೈ 6ರಂದು ಫಿಲಡೆಲ್ಫಿಯಾ ನಗರದಲ್ಲಿ ಅವರು ತೀರಿಕೊಂಡರು. ಎರಡು ದಿನ ಮೊದಲು ತಮ್ಮ ಸಮಾಧಿಯ ಶಿಲೆಗೆ ಬೇಕಾದ ಬರಹವನ್ನು ತಾವೇ ಬರೆದಿಟ್ಟಿದ್ದರು. ತಂದೆತಾಯಿಗಳ ಹೆಸರು, ಪತ್ನಿಯ ಹೆಸರು, ಜನನ, ವಿವಾಹ, ಮರಣದ ದಿನಗಳು—ಅದರಲ್ಲಿ ಇಷ್ಟೇ ಇವೆ. ತಾವು ಮುಖ್ಯ ನ್ಯಾಯಾಧೀಶರಾಗಿದ್ದುದನ್ನು ಅವರು ಅಲ್ಲಿ ಸೂಚಿಸಲೇ ಇಲ್ಲ.

ಅವರು ಬಿಟ್ಟುಹೋದ ಪದ್ಧತಿಯು ಮಾತ್ರ ಬೆಳೆಯಿತು. ಶಾಸನಸೌಧದ ಕೋಣೆಗಳಲ್ಲಿ ಆಶ್ರಯ ಪಡೆದಿದ್ದ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ 1935ರಲ್ಲಿ, ಮಾರ್ಷಲ್ಲರು ತೀರಿಕೊಂಡು ನೂರು ವರ್ಷಗಳಾದ ಮೇಲೆ, ಸ್ವಂತ ಭವನವು ದೊರೆಯಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ 1950ನೆಯ ಇಸವಿ ಜನವರಿ 28ರಂದು ಆರಂಭವಾದುದು ಸಂಸತ್ ಭವನದಲ್ಲಿಯೇ. ಅದು ಸ್ವಂತ ಕಟ್ಟಡಕ್ಕೆ ಬಂದುದು 1958ರಲ್ಲಿ. ನಮ್ಮ ರಾಜ್ಯಾಂಗದ ಕರಡನ್ನು ಸಿದ್ಧಪಡಿಸುವ ಕಾಲದಲ್ಲಿ ಸಲಹೆಗಾರರಾಗಿದ್ದ, ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಾಧೀಶರೊಡನೆ ಸಮಾಲೋಚಿಸಿದ್ದರು. ಮಾರ್ಷಲ್ಲರು ತರ್ಕದಿಂದ ಸಾಧಿಸಬೇಕಾಗಿದ್ದುದನ್ನು ನಮ್ಮ ಹಿರಿಯರು ಸ್ಪಷ್ಟವಾಗಿ ಬರೆದಿಟ್ಟರು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧುವೆಂದು 13ನೆಯ ಅನುಚ್ಛೇದವು ಸಾರುತ್ತದೆ. ಆ ಹಕ್ಕುಗಳಿಗಾಗಿ ಯಾವ ಪ್ರಜೆಯಾದರೂ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದೆಂದು 32ನೆಯದು ಭರವಸೆ ಕೊಡುತ್ತದೆ. ದೇಶದ ಎಲ್ಲ ಅಧಿಕಾರಿಗಳೂ ಆ ನ್ಯಾಯಾಲಯಕ್ಕೆ ನೆರವಾಗಬೇಕೆಂದು 144ನೆಯದು ವಿಧಿಸುತ್ತದೆ. ಚೆರೋಕಿಗಳ ಕಥೆಯನ್ನು ತಿಳಿದವರಿಗೆ ಈ ಕೊನೆಯ ವಾಕ್ಯದ ಬೆಲೆಯು ಅರ್ಥವಾಗುತ್ತದೆ.

ಕನ್ನಡನಾಡಿನ ಹೊರಗೆ ಕನ್ನಡದಲ್ಲಿ ಕಲಿಯುತ್ತಿರುವ ನಮಗೆ ಇದು ದೂರದ ಮಾತಲ್ಲ. ಭಾಷೆಯ ಅಲ್ಪಸಂಖ್ಯಾತರು ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ರಾಜ್ಯಾಂಗದ 30ನೆಯ ಅನುಚ್ಛೇದವು ಕೊಟ್ಟಿದೆ. ಅಲ್ಪಸಂಖ್ಯಾತರು ಯಾರೆಂಬುದನ್ನು ಇಡೀ ದೇಶದ ಲೆಕ್ಕದಿಂದಲ್ಲ, ಆಯಾ ರಾಜ್ಯದ ಲೆಕ್ಕದಿಂದ ನೋಡಬೇಕೆಂದು 2002ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು ತೀರ್ಮಾನಿಸಿತು. ಆ ಮೊಕದ್ದಮೆಯನ್ನು ತಂದುದು ಮಣಿಪಾಲದ ಡಾ. ಟಿ. ಎಂ. ಎ. ಪೈ ಅವರ ಹೆಸರಿನ ಪ್ರತಿಷ್ಠಾನ. ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ಕನ್ನಡಿಗರು ನಡೆಸುವ ಶಾಲೆಯು ಕೇವಲ ಬಹುಸಂಖ್ಯಾತರ ಔದಾರ್ಯದಿಂದ ನಿಂತಿಲ್ಲ. ಅದು ಹಕ್ಕಿನಿಂದ ನಿಂತಿದೆ.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು, ತೀರ್ಪು ನಮ್ಮ ಪರವಾಗಿದ್ದರೂ ಸಾಲದು. ತಮಗೆ ಒಪ್ಪಿಗೆಯಿಲ್ಲದ ತೀರ್ಪಿಗೂ ಜನರು ತಲೆಬಾಗುವ ದೇಶದಲ್ಲಿ ಮಾತ್ರ ದುರ್ಬಲರ ಪರವಾದ ತೀರ್ಪಿಗೆ ಜೀವ ಬರುತ್ತದೆ. ತಲೆಬಾಗುವುದೆಂದರೆ ಬಾಯಿ ಮುಚ್ಚಿಕೊಳ್ಳುವುದೆಂದಲ್ಲ. ತೀರ್ಪಿನ ಕಾರಣಗಳನ್ನು ಓದಿ, ತಪ್ಪು ಕಂಡಲ್ಲಿ ತಪ್ಪೆನ್ನಲು ಎಲ್ಲರಿಗೂ ಅಧಿಕಾರವಿದೆ. ಮಾರ್ಷಲ್ಲರು 34 ವರ್ಷ ಮಾಡಿದುದು ಆ ಕಾರಣಗಳನ್ನು ತಾಳ್ಮೆಯಿಂದ ಬರೆಯುವ ಕೆಲಸವನ್ನು. ಅವನ್ನು ಓದಿ, ತೂಗಿ, ನಡೆಸಿಕೊಡುವ ಕೆಲಸವು ಪ್ರಜೆಗಳದು. ನಾಳೆ ಪ್ರಜೆಗಳಾಗಲಿರುವ ವಿದ್ಯಾರ್ಥಿಗಳದು.